ಮೊದಲ ಕ್ರೆಡಿಟ್ ಕಾರ್ಡೂ ಕಾಶಿಯ ವಿಮಾನವೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಆನೇಕಲ್ಲಿಗೆ ದಾರಿ ಕವಲೊಡೆಯುವ ಸ್ಥಳವೇ ಚಂದಾಪುರ. ಹಿಂದೆ ಇದು ರಾಗಿಯ ಹೊಲಗಳ ನಡುವಣ ಸಣ್ಣ ಊರು. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿದ ಮೇಲೆ, ಅದರಾಚೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಎದ್ದ ಮೇಲೆ, ಊರಿನ ರೂಪವೇ ಬೇರೆಯಾಯಿತು. ೨೦೨೫ರ ಆಗಸ್ಟಿನಿಂದ ನಮ್ಮ ಮೆಟ್ರೋ ರೈಲು ನೆರೆಯ ಬೊಮ್ಮಸಂದ್ರದವರೆಗೂ ಬರುತ್ತಿದೆ. ಇಂದು ಇಲ್ಲಿ ಬಾಡಿಗೆ ಮನೆ ಹಿಡಿದಿರುವವರಲ್ಲಿ ಹುಬ್ಬಳ್ಳಿಯವರುಂಟು, ಒಡಿಶಾದವರುಂಟು, ಬಿಹಾರದವರುಂಟು. ಊರಿಗೆ ಹೋಗಿಬರುವುದಕ್ಕೆ ವಿಮಾನವನ್ನು ಹತ್ತುವುದು ಸಿರಿವಂತರಿಗೆ ಮಾತ್ರ ಮೀಸಲೆಂಬ ಕಾಲ ಹೋಯಿತು.

ಹೀಗಿರಲು, ವಿಮಾನದ ಟಿಕೆಟ್ಟು ಪುಕ್ಕಟೆಯಾಗಿ ದೊರೆಯುವುದೆಂಬ ಮಾತು ಈ ಭಾಗದ ತರುಣರ ಕಿವಿಗೆ ಇಂಪಾಗಿ ಕೇಳುವುದರಲ್ಲಿ ಆಶ್ಚರ್ಯವೇನು? ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯೊಬ್ಬಳು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿದೆ. ತಂದೆಯಿಲ್ಲ, ಊರಿನಲ್ಲಿ ತಾಯಿ, ಅಣ್ಣ ಇದ್ದಾರೆ. ಕಳೆದ ತಿಂಗಳು ಒಂದು ಸಂಜೆ ಅವಳು ಕೈಯಲ್ಲಿ ಬಣ್ಣದ ಕರಪತ್ರವೊಂದನ್ನು ಹಿಡಿದು ಕೆಳಗಿಳಿದು ಬಂದಳು.

“ಮೇಷ್ಟರೆ, ಇದನ್ನು ಸ್ವಲ್ಪ ನೋಡಿ ಹೇಳುತ್ತೀರಾ? ಈ ಕಾರ್ಡು ತೆಗೆದುಕೊಂಡರೆ ಖರ್ಚು ಮಾಡಿದಷ್ಟೂ ವಿಮಾನದ ಮೈಲಿ ಬರುತ್ತದಂತೆ. ಅಮ್ಮನಿಗೆ ಕಾಶಿ ನೋಡಬೇಕೆಂದು ಬಹಳ ಆಸೆ. ರೈಲಿನಲ್ಲಿ ಎರಡು ದಿನ ಕೂರುವ ಶಕ್ತಿ ಅವರಿಗೆ ಈಗಿಲ್ಲ.”

“ಕೂತುಕೋಮ್ಮ, ಕಾಗದ ಪೆನ್ಸಿಲು ತೆಗೆದುಕೊಂಡೇ ನೋಡೋಣ,” ಎಂದೆನು. ಆ ಸಂಜೆ ನಾವಿಬ್ಬರೂ ಹಾಕಿದ ಲೆಕ್ಕವು ಇತರ ಕುಟುಂಬಗಳಿಗೂ ಉಪಯುಕ್ತವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಎರಡು ವಸ್ತುಗಳ ಹುಟ್ಟನ್ನು ತಿಳಿಯುವುದು ಒಳ್ಳೆಯದು. ಹಲವು ಅಂಗಡಿಗಳಲ್ಲಿ ನಡೆಯುವ ಕಾರ್ಡಿನ ಪದ್ಧತಿಯನ್ನು ಅಮೆರಿಕದ ಡೈನರ್ಸ್ ಕ್ಲಬ್ಬು ೧೯೫೦ರಲ್ಲಿ ಆರಂಭಿಸಿತು. ನಮ್ಮ ದೇಶದಲ್ಲಿ ೧೯೮೦ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಮೊದಲು ಕ್ರೆಡಿಟ್ ಕಾರ್ಡನ್ನು ಹೊರಡಿಸಿತು. ಹಾರಿದಷ್ಟು ದೂರಕ್ಕೆ ಮೈಲಿಗಳನ್ನು ಜಮೆ ಮಾಡಿ, ಅವು ಸಾಕಷ್ಟು ಕೂಡಿದಾಗ ಟಿಕೆಟ್ಟು ಕೊಡುವ ಏರ್ಪಾಟನ್ನು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ೧೯೮೧ರಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸತೊಡಗಿತು. ಮುಂದೆ ಈ ಎರಡೂ ಕೂಡಿಕೊಂಡುವು. ಬ್ಯಾಂಕು ವಿಮಾನ ಸಂಸ್ಥೆಯಿಂದ ಮೈಲಿಗಳನ್ನು ಹಣ ಕೊಟ್ಟು ಕೊಳ್ಳುತ್ತದೆ. ಕಾರ್ಡನ್ನು ಬಳಸುವವರಿಗೆ ಅವನ್ನು ಹಂಚುತ್ತದೆ.

ಬ್ಯಾಂಕಿಗೆ ಈ ಔದಾರ್ಯ ಎಲ್ಲಿಂದ ಬಂದಿತು? ಕಾರ್ಡಿನಲ್ಲಿ ಹಣ ಪಡೆಯುವ ಅಂಗಡಿಯವನು ಪ್ರತಿ ವ್ಯವಹಾರಕ್ಕೂ ಒಂದು ಪಾಲನ್ನು ಬಿಟ್ಟುಕೊಡುತ್ತಾನೆ. ಕಾರ್ಡುದಾರನು ವಾರ್ಷಿಕ ಶುಲ್ಕವನ್ನು ತೆರುತ್ತಾನೆ. ಇವೆರಡಕ್ಕಿಂತಲೂ ಮುಖ್ಯವಾದುದು, ಗಡುವಿನೊಳಗೆ ಪೂರ್ತಿ ಹಣ ಕಟ್ಟಲಾರದವನು ಕೊಡುವ ಬಡ್ಡಿ. ಹೀಗೆ, ಕ್ರಮವಾಗಿ ಕಟ್ಟುವವನ ಟಿಕೆಟ್ಟಿಗೆ ತಪ್ಪಿದವನ ಬಡ್ಡಿಯೂ ಸೇರಿರುತ್ತದೆ. ಮೊದಲ ಕಾರ್ಡನ್ನು ಆರಿಸುವವನು ತಾನು ಈ ಎರಡು ಪಂಗಡಗಳಲ್ಲಿ ಯಾವುದಕ್ಕೆ ಸೇರುವೆನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಕಾರ್ಡಿನ ಹೆಸರು, ಬಣ್ಣಗಳ ವಿಚಾರ ಆಮೇಲಿನದು.

ಇದನ್ನು ಹೇಳುತ್ತಿದ್ದ ಹಾಗೆಯೇ ಹುಡುಗಿಯು ತಲೆ ತಗ್ಗಿಸಿದಳು. “ನಮ್ಮಣ್ಣನ ಹತ್ತಿರ ಒಂದು ಕಾರ್ಡಿದೆ ಮೇಷ್ಟರೆ. ನಲವತ್ತು ಸಾವಿರದ ಫೋನು ತೆಗೆದುಕೊಂಡ. ತಿಂಗಳು ತಿಂಗಳೂ ಎರಡೆರಡು ಸಾವಿರ ಕಟ್ಟುತ್ತಿದ್ದಾನೆ. ಸಾಲ ಮಾತ್ರ ಇಳಿಯುವ ಹಾಗೆ ಕಾಣುವುದಿಲ್ಲ.”

ಇಳಿಯದಿರುವುದಕ್ಕೆ ಕಾರಣವಿದೆ. ನಮ್ಮ ದೇಶದ ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡ ಮೂರೂವರೆಯ ಆಸುಪಾಸಿನ ಬಡ್ಡಿ ಸಾಮಾನ್ಯವಾದುದು. ವರ್ಷಕ್ಕೆ ಅದು ಶೇಕಡ ನಲವತ್ತೆರಡಾಯಿತು. ನಲವತ್ತು ಸಾವಿರಕ್ಕೆ ಒಂದು ತಿಂಗಳ ಬಡ್ಡಿ ೧,೪೦೦ ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡ ೧೮ರ ಜಿ.ಎಸ್.ಟಿ. ೨೫೨ ರೂಪಾಯಿ. ಕಟ್ಟಿದ ೨,೦೦೦ದಲ್ಲಿ ೧,೬೫೨ ರೂಪಾಯಿ ಇವೆರಡಕ್ಕೇ ಸಂದುಹೋಗಿ, ಅಸಲಿಗೆ ಜಮೆಯಾಗುವುದು ೩೪೮ ರೂಪಾಯಿ ಮಾತ್ರ! ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಅಚ್ಚಾಗಿರುವ ಸಂಖ್ಯೆಯನ್ನು ಕಟ್ಟಿದರೆ ತಡದ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಅಷ್ಟೇ ಅಲ್ಲ, ಹಳೆಯ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಏರತೊಡಗುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿಗೆ ಒಂದು ದಿನದ ರಿಯಾಯಿತಿಯೂ ಇಲ್ಲ. ಶೇಕಡ ಮೂವತ್ತನ್ನು ಮೀರಿದ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು ೨೦೦೮ರಲ್ಲಿ ತೀರ್ಪು ಕೊಟ್ಟಿದ್ದಿತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಡಿಸೆಂಬರಿನಲ್ಲಿ ರದ್ದುಮಾಡಿತು. ಆದಕಾರಣ ಈ ವಿಷಯದಲ್ಲಿ ನಮ್ಮ ಎಚ್ಚರವೇ ನಮಗೆ ರಕ್ಷೆ.

ಇನ್ನು ಹುಡುಗಿಯ ಲೆಕ್ಕಕ್ಕೆ ಬರೋಣ. ಅವಳು ಕಾರ್ಡಿನಲ್ಲಿ ಮಾಡಬಹುದಾದ ಖರ್ಚು ತಿಂಗಳಿಗೆ ಹದಿನೈದು ಸಾವಿರ; ವರ್ಷಕ್ಕೆ ೧,೮೦,೦೦೦. ಮನೆ ಬಾಡಿಗೆಯನ್ನು ಇದರಲ್ಲಿ ಸೇರಿಸಲಿಲ್ಲ. ಏಕೆಂದರೆ ಬಾಡಿಗೆ, ಪೆಟ್ರೋಲು ಮೊದಲಾದವಕ್ಕೆ ಅನೇಕ ಬ್ಯಾಂಕುಗಳು ಪಾಯಿಂಟು ಕೊಡುವುದೇ ಇಲ್ಲ. ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಿದರೆ ಮೇಲೆ ಶುಲ್ಕವನ್ನು ಹೇರುವವರೂ ಉಂಟು.

ಒಂದು ವಿಮಾನದ ಕಾರ್ಡು ನೂರು ರೂಪಾಯಿಗೆ ಒಂದು ರೂಪಾಯಿ ಬೆಲೆಯ ಮೈಲಿ ಕೊಡುತ್ತದೆಂದೂ, ಅದರ ವಾರ್ಷಿಕ ಶುಲ್ಕ ಸಾವಿರ ರೂಪಾಯಿಯೆಂದೂ ಇಟ್ಟುಕೊಳ್ಳೋಣ. ವರ್ಷದ ಮೈಲಿಗಳ ಬೆಲೆ ೧,೮೦೦ ರೂಪಾಯಿ. ಶುಲ್ಕವು ಜಿ.ಎಸ್.ಟಿ. ಸೇರಿ ೧,೧೮೦. ಉಳಿದ ಲಾಭ ೬೨೦ ರೂಪಾಯಿ. ಹನ್ನೆರಡು ತಿಂಗಳಲ್ಲಿ ಒಂದೇ ಒಂದು ತಿಂಗಳು ಅವಳು ಬಿಲ್ಲಿನ ಹದಿನೈದು ಸಾವಿರವನ್ನು ಕಟ್ಟದೆ ಮುಂದಕ್ಕೆ ಹಾಕಿದಳೆನ್ನಿ. ಬಡ್ಡಿ ೫೨೫ ರೂಪಾಯಿ, ಅದರ ತೆರಿಗೆ ೯೪ ರೂಪಾಯಿ ೫೦ ಪೈಸೆ. ಒಟ್ಟು ೬೧೯ ರೂಪಾಯಿ ೫೦ ಪೈಸೆ. ವರ್ಷವಿಡೀ ಕೂಡಿಸಿದ ಲಾಭದಲ್ಲಿ ಕೈಗುಳಿದದ್ದು ಐವತ್ತು ಪೈಸೆ! ತಡದ ದಂಡವನ್ನೂ ಸೇರಿಸಿದರೆ ಅದೂ ಇಲ್ಲ.

ಹಾಗಾದರೆ ಶುಲ್ಕವೇ ಇಲ್ಲದ ಸಾಧಾರಣ ಕಾರ್ಡು? ಅದು ನೂರಕ್ಕೆ ಐವತ್ತು ಪೈಸೆ ಮಾತ್ರ ಕೊಟ್ಟರೂ ವರ್ಷಕ್ಕೆ ೯೦೦ ರೂಪಾಯಿಯಾಯಿತು. ಥಳಥಳಿಸುವ ಕಾರ್ಡಿಗಿಂತ ಇದೇ ೨೮೦ ರೂಪಾಯಿ ಹೆಚ್ಚು. ನಮ್ಮ ಈ ಉದಾಹರಣೆಯಲ್ಲಿ ಶುಲ್ಕದ ಕಾರ್ಡು ಮೇಲಾಗಬೇಕಾದರೆ ವರ್ಷದ ಖರ್ಚು ೨,೩೬,೦೦೦ವನ್ನು ಮೀರಬೇಕು. ಕಾರ್ಡಿನಿಂದ ಕಾರ್ಡಿಗೆ ಈ ಅಂಕಿಗಳು ಬದಲಾಗುತ್ತವೆ. ಲೆಕ್ಕದ ಕ್ರಮ ಮಾತ್ರ ಒಂದೇ. ಅಂಕಿ ತಲುಪಲೆಂದು ಬೇಡದ ವಸ್ತುವನ್ನು ಕೊಳ್ಳುವುದು, ಒಂದು ರೂಪಾಯಿಯ ಮೈಲಿಗಾಗಿ ನೂರು ರೂಪಾಯಿಯನ್ನು ಚೆಲ್ಲಿದಂತೆ.

ಕಾರ್ಡುಗಳಲ್ಲಿ ಎರಡು ಬಗೆ. ಒಂದು, ಯಾವುದಾದರೊಂದು ವಿಮಾನ ಸಂಸ್ಥೆಯ ಹೆಸರನ್ನೇ ಹೊತ್ತದ್ದು. ಅದರ ಮೈಲಿ ಆ ಸಂಸ್ಥೆಯ ಖಾತೆಗೇ ಹೋಗುತ್ತದೆ. ಇನ್ನೊಂದು, ಬ್ಯಾಂಕಿನ ಸ್ವಂತ ಪಾಯಿಂಟು ಕೊಡುವಂಥದು. ಅದನ್ನು ಟಿಕೆಟ್ಟಿಗೆ, ಸಾಮಾನಿಗೆ, ಅಥವಾ ಕೆಲವು ಕಾರ್ಡುಗಳಲ್ಲಿ ಬೇರೆ ಬೇರೆ ವಿಮಾನ ಸಂಸ್ಥೆಗಳ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಇವುಗಳಲ್ಲಿ ಯಾವುದು ಮೇಲೆಂಬುದಕ್ಕೆ ನಮ್ಮ ಊರಿನ ಅನುಭವವೇ ಪಾಠ ಹೇಳುತ್ತದೆ. ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿಯಿದ್ದ ಕಿಂಗ್‌ಫಿಷರ್ ಸಂಸ್ಥೆಯ ವಿಮಾನಗಳು ೨೦೦೫ರಲ್ಲಿ ಹಾರತೊಡಗಿ ೨೦೧೨ರ ಅಕ್ಟೋಬರಿನಲ್ಲಿ ನಿಂತುಹೋದುವು. ಅದರ ಕಿಂಗ್ ಕ್ಲಬ್ಬಿನಲ್ಲಿ ಮೈಲಿ ಕೂಡಿಟ್ಟಿದ್ದವರಿಗೆ ಹತ್ತಲು ವಿಮಾನವೇ ಉಳಿಯಲಿಲ್ಲ. ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲ್ ೧೭ರಂದು ಹಾರಾಟವನ್ನು ನಿಲ್ಲಿಸಿತು. ವಿಸ್ತಾರವು ೨೦೨೪ರ ನವೆಂಬರ್ ೧೨ರಂದು ಏರ್ ಇಂಡಿಯಾದಲ್ಲಿ ಲೀನವಾಯಿತು. ಅದರ ಸದಸ್ಯರ ಪಾಯಿಂಟುಗಳು ಪುಣ್ಯವಶಾತ್ ಏರ್ ಇಂಡಿಯಾದ ಖಾತೆಗೆ ಬಂದು ಸೇರಿದುವು. ಇಂಡಿಗೋ ಸಂಸ್ಥೆಯು ತನ್ನ ಬ್ಲೂಚಿಪ್ ಎಂಬ ಏರ್ಪಾಟನ್ನು ತೊಡಗಿದ್ದು ೨೦೨೪ರಲ್ಲಷ್ಟೆ. ಆದುದರಿಂದ, ಯಾವಾಗಲೂ ಒಂದೇ ಸಂಸ್ಥೆಯ ವಿಮಾನದಲ್ಲಿ ವರ್ಷಕ್ಕೆ ಹಲವು ಸಲ ಓಡಾಡುವವರಿಗೆ ಮೊದಲನೆಯ ಬಗೆ ಸರಿಹೋದೀತು. ವರ್ಷಕ್ಕೊಮ್ಮೆ ಹಾರುವ ಸಂಸಾರಿಗೆ ಎರಡನೆಯದೇ ಕ್ಷೇಮ. ಯಾವುದೇ ಆಗಲಿ, ಮೈಲಿಗಳನ್ನು ವರ್ಷಗಟ್ಟಲೆ ಕೂಡಿಡುವುದು ಜಾಣತನವಲ್ಲ. ಅವಕ್ಕೆ ಬಡ್ಡಿ ಬರುವುದಿಲ್ಲ. ಅವಧಿ ಮುಗಿದರೆ ಅಳಿದುಹೋಗುತ್ತವೆ. ಅವುಗಳ ಬೆಲೆಯನ್ನು ಇಳಿಸುವ ಅಧಿಕಾರ ಕೊಟ್ಟವರ ಕೈಯಲ್ಲೇ ಇರುತ್ತದೆ.

ಮೈಲಿಯಿಂದ ಪಡೆದ ಟಿಕೆಟ್ಟೂ ಪೂರ್ತಿ ಪುಕ್ಕಟೆಯಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಮೊದಲಾದವನ್ನು ಸಾಮಾನ್ಯವಾಗಿ ಕೈಯಿಂದಲೇ ಕೊಡಬೇಕು. ಬೇಕಾದ ದಿನ ಮೈಲಿಯ ಆಸನ ಸಿಕ್ಕೀತೆಂಬ ಭರವಸೆಯೂ ಇಲ್ಲ. ಅದಲ್ಲದೆ, ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ತೆರೆದ ನಿಲ್ದಾಣವು ಚಂದಾಪುರದಿಂದ ಸುಮಾರು ಅರುವತ್ತು ಕಿಲೋಮೀಟರು ದೂರ. ನಗರದ ಒಂದು ತುದಿಯಿಂದ ಇನ್ನೊಂದು ತುದಿ. ಅಲ್ಲಿಗೆ ಟ್ಯಾಕ್ಸಿಯಲ್ಲಿ ಹೋಗಿಬರುವ ಖರ್ಚೇ ಮೇಲಿನ ಒಂಬೈನೂರನ್ನು ಸುಲಭವಾಗಿ ನುಂಗಿಬಿಡುತ್ತದೆ. ಬಿ.ಎಂ.ಟಿ.ಸಿ.ಯ ವಾಯು ವಜ್ರ ಬಸ್ಸಿನಲ್ಲಿ ಹೋದವನು, ಕಾರ್ಡು ಕೊಡುವುದಕ್ಕಿಂತ ಹೆಚ್ಚನ್ನು ಒಂದೇ ಪ್ರಯಾಣದಲ್ಲಿ ಉಳಿಸಿಯಾನು.

ಇಷ್ಟು ಕೇಳಿಯೂ ಕಾರ್ಡು ಬೇಕೆನ್ನುವವರಿಗೆ ನಾನು ಬೇಡವೆನ್ನುವುದಿಲ್ಲ. ಕ್ರಮವಾಗಿ ಕಟ್ಟುವವರಿಗೆ ಅದು ಒಳ್ಳೆಯ ಹೆಸರನ್ನು ಗಳಿಸಿಕೊಡುತ್ತದೆ. ೩೦೦ರಿಂದ ೯೦೦ರವರೆಗಿನ ಸಿಬಿಲ್ ಅಂಕವನ್ನು ನೋಡಿಯೇ ಮುಂದೆ ಮನೆಯ ಸಾಲ ಕೊಡುವುದರಿಂದ, ಆ ಹೆಸರು ಬೆಲೆಯುಳ್ಳದ್ದು. ಮೊದಲ ಕಾರ್ಡನ್ನು ಸಂಬಳ ಬರುವ ಬ್ಯಾಂಕಿನಲ್ಲೇ ಕೇಳುವುದು ಸುಲಭ. ಸಂಬಳದ ಪತ್ರವಿಲ್ಲದವರೂ, ಗೃಹಿಣಿಯರೂ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಿಟ್ಟು ಅದರ ಆಧಾರದ ಮೇಲೆ ಕಾರ್ಡು ಪಡೆಯಬಹುದು. ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಏಕಕಾಲದಲ್ಲಿ ನಾಲ್ಕಾರು ಬ್ಯಾಂಕುಗಳಿಗೆ ಅರ್ಜಿ ಹಾಕಬಾರದು. ಪ್ರತಿಯೊಂದು ವಿಚಾರಣೆಯೂ ದಾಖಲೆಗೆ ಸೇರುತ್ತದೆ. ಬಿಲ್ಲಿನ ಪೂರ್ತಿ ಮೊತ್ತವು ಗಡುವಿನ ಮುಂಚೆಯೇ ಖಾತೆಯಿಂದ ತಾನಾಗಿ ಕಟ್ಟಿಹೋಗುವ ಏರ್ಪಾಟನ್ನು ಮೊದಲ ದಿನವೇ ಮಾಡಿಕೊಳ್ಳತಕ್ಕದ್ದು.

ಹಕ್ಕುಗಳನ್ನೂ ಅರಿತಿರಬೇಕು. ರಿಜರ್ವ್ ಬ್ಯಾಂಕು ೨೦೨೨ರಲ್ಲಿ ವಿಧಿಸಿದ ನಿಯಮಗಳಂತೆ, ಕೇಳದೆ ಯಾರಿಗೂ ಕಾರ್ಡು ಕಳುಹಿಸಕೂಡದು. ಬಾಕಿಯನ್ನೆಲ್ಲ ತೀರಿಸಿ ಕಾರ್ಡನ್ನು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ಮುಚ್ಚುವವರೆಗೂ ದಿನಕ್ಕೆ ೫೦೦ ರೂಪಾಯಿಯಂತೆ ಬ್ಯಾಂಕೇ ದಂಡ ತೆರಬೇಕು. ಇನ್ನು, “ನಿಮ್ಮ ಪಾಯಿಂಟುಗಳು ಈ ರಾತ್ರಿಯೇ ಅಳಿಯುತ್ತವೆ, ಇಲ್ಲಿ ಒತ್ತಿ” ಎಂದು ಫೋನಿಗೆ ಬರುವ ಸಂದೇಶಗಳನ್ನು ನಂಬಲೇಬಾರದು. ಒ.ಟಿ.ಪಿ.ಯನ್ನು ಯಾರಿಗೂ ಹೇಳಕೂಡದು. ಮೋಸವಾದುದು ತಿಳಿದ ಕೂಡಲೆ ಬ್ಯಾಂಕಿಗೂ, ೧೯೩೦ ಎಂಬ ಸಂಖ್ಯೆಗೂ ಫೋನು ಮಾಡಬೇಕು.

ಲೆಕ್ಕದ ಕಾಗದವನ್ನು ಹುಡುಗಿಯು ಬಹಳ ಹೊತ್ತು ನೋಡಿದಳು. ತಾಯಿಗೂ ತನಗೂ ಕಾಶಿಗೆ ಹೋಗಿಬರುವ ಟಿಕೆಟ್ಟುಗಳಿಗೆ ಇಪ್ಪತ್ತನಾಲ್ಕು ಸಾವಿರ ಬೇಕಾದೀತೆಂದು ಅವಳ ಅಂದಾಜು. ವರ್ಷಕ್ಕೆ ಒಂಬೈನೂರರಂತೆ ಅದು ಕೂಡುವುದಕ್ಕೆ ಇಪ್ಪತ್ತಾರು ವರ್ಷ ಎಂಟು ತಿಂಗಳು ಬೇಕು. “ಅಷ್ಟು ಕಾಲ ಅಮ್ಮ ಕಾಯುವ ಹಾಗಿಲ್ಲ ಮೇಷ್ಟರೆ,” ಎಂದಳು. ಅವಳ ಕಣ್ಣು ತುಂಬಿತ್ತು.

“ತಿಂಗಳಿಗೆ ಎರಡು ಸಾವಿರ ಆರ್.ಡಿ. ಕಟ್ಟು ಮಗು. ಹನ್ನೆರಡು ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರವಾಗುತ್ತದೆ, ಮೇಲೆ ಬಡ್ಡಿ,” ಎಂದೆನು.

ಮಾರನೆಯ ದಿನವೇ ಅವಳು ಸಂಬಳದ ಬ್ಯಾಂಕಿನಲ್ಲಿ ಆರ್.ಡಿ. ತೆರೆದಳು. ಅಲ್ಲಿಯೇ ಶುಲ್ಕವಿಲ್ಲದ ಕಾರ್ಡೊಂದಕ್ಕೂ ಅರ್ಜಿ ಕೊಟ್ಟಳು. ಅದರ ಪಾಯಿಂಟಿನಿಂದ ಕಾಶಿಯಲ್ಲಿ ತಾಯಿಗೊಂದು ಸೀರೆ ಬಂದರೆ ಸಾಕೆಂದಳು. ಅಣ್ಣನಿಗೆ ತನ್ನ ಉಳಿತಾಯದಿಂದ ಸ್ವಲ್ಪ ಹಣ ಕಳುಹಿಸಿ, ಕಾರ್ಡಿನ ಸಾಲವನ್ನು ಮೊದಲು ತೀರಿಸೆಂದು ಬರೆದಿದ್ದಾಳೆ. ಮೊನ್ನೆ ತಾಯಿಯೇ ಮಗಳನ್ನು ನೋಡಲು ಬಂದಿದ್ದರು. ವಿಷಯವನ್ನೆಲ್ಲ ಕೇಳಿ, “ಸಾಲ ಮಾಡಿ ಕಾಶಿಗೆ ಹೋದರೆ ಪುಣ್ಯ ಸಾಲ ಕೊಟ್ಟವನಿಗೇ ಅಲ್ಲವೇ ಮೇಷ್ಟ್ರೇ? ಒಂದು ವರ್ಷ ತಾನೆ, ಕಾಯುತ್ತೇನೆ,” ಎಂದರು. ಮುಂದಿನ ಮಾಘದಲ್ಲಿ ಹೊರಡಬೇಕೆಂದು ತಾಯಿ ಮಗಳಿಬ್ಬರೂ ಪಂಚಾಂಗ ನೋಡಿಕೊಂಡಿದ್ದಾರೆ.