ಮಣ್ಣೂರಿನ ಮನೆಯ ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಕಥೆ

ಎಳ್ಳ ಅಮಾಸಿಗೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಅವ್ವನಿಗೊಂದು ಸೀರೆ, ಅಪ್ಪನಿಗೆ ಮಂಡಿನೋವಿನ ಎಣ್ಣೆ, ಅವೆರಡರ ನಡುವೆ ಟವೆಲ್‌ನಲ್ಲಿ ಸುತ್ತಿದ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ಜಿಟಿಎಕ್ಸ್ 1650, ನಾಲ್ಕು ಜಿಬಿ, ಸೆಕೆಂಡ್ ಹ್ಯಾಂಡ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು 6,800 ರೂಪಾಯಿಗೆ ಕುದುರಿಸಿದ್ದೆ. ರೈಲಲ್ಲಿ ಕಲಬುರಗಿ, ಅಲ್ಲಿಂದ ಬಸ್ಸಲ್ಲಿ ಅಫಜಲಪುರ, ಮತ್ತೊಂದು ಬಸ್ ಹಿಡಿದು ಮಣ್ಣೂರ. ದಾರಿಯುದ್ದಕ್ಕೂ ಆ ಬ್ಯಾಗನ್ನ ಮಗು ಥರ ತೊಡೆ ಮೇಲೆ ಇಟ್ಕೊಂಡೇ ಬಂದೆ.

ಕಾರ್ಡ್ ನನಗಲ್ಲ, ತಂಗಿಗೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ. ಅಫಜಲಪುರದ ಒಬ್ಬ ಫೋಟೋಗ್ರಾಫರ್ ಮದುವೆ ಶೂಟ್ ಮಾಡಿ ಹಾರ್ಡ್‌ಡಿಸ್ಕ್ ಕಳಿಸ್ತಾರೆ, ಇವಳು ಮನೆಯಲ್ಲೇ ಕೂತು ಎಡಿಟ್ ಮಾಡಿ ಕೊಡ್ತಾಳೆ. "ಒಂದು ವರ್ಷ ಟೈಮ್ ಕೊಡ್ರಿ, ಆಮ್ಯಾಲ ನೀವು ಹೇಳಿದ ಹುಡುಗನ್ನ ನೋಡ್ತೀನಿ" ಅಂತ ಅಪ್ಪನ ಹತ್ರ ಒಪ್ಪಂದ ಮಾಡ್ಕೊಂಡಿದ್ದಳು. ಆ ವರ್ಷದಲ್ಲಿ ಏಳು ತಿಂಗಳು ಆಗಲೇ ಕಳೆದಿತ್ತು. ಕೈಯಲ್ಲಿದ್ದ ಮದುವೆಯ ವಿಡಿಯೊ ಸೋಮವಾರ ಕೊಡಬೇಕು. ಕೊಡದಿದ್ದರೆ ಮುಂದಿನ ಆರ್ಡರ್‌ಗಳೆಲ್ಲ ಕಲಬುರಗಿಯ ಸ್ಟುಡಿಯೊಗೆ ಹೋಗ್ತವೆ ಅಂತ ಅವರು ನಯವಾಗಿಯೇ ಹೇಳಿದ್ದರು.

ಕಂಪ್ಯೂಟರ್ 2014ರದ್ದು. ಆ ವರ್ಷ ತೊಗರಿ ಚೆನ್ನಾಗಿ ಬಂತು ಅಂತ ಅಪ್ಪ ನನ್ನ ಇಂಜಿನಿಯರಿಂಗ್‌ಗೆ ಕೊಡಿಸಿದ್ದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, ಎಂಟು ಜಿಬಿ ರ್‍ಯಾಮ್. ನಡುವೆ ಒಂದು ಎಸ್‌ಎಸ್‌ಡಿ ಸೇರಿಸಿದ್ದೆ. ಬರೀ ಬ್ರೌಸಿಂಗ್‌ಗೆ ಇವತ್ತಿಗೂ ಏನೂ ತೊಂದರೆ ಇಲ್ಲ. ಆದರೆ ತಂಗಿ ಕಲೀತಿದ್ದ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಬಹುಪಾಲು ಕೆಲಸವನ್ನ ಗ್ರಾಫಿಕ್ಸ್ ಕಾರ್ಡ್ ಮೇಲೇ ಹೊರಿಸುತ್ತೆ. ಪ್ರೊಸೆಸರ್ ಒಳಗಿರೋ ಪುಟ್ಟ ಗ್ರಾಫಿಕ್ಸ್ ಅದಕ್ಕೆ ಯಾವ ಮೂಲೆಗೂ ಸಾಲಲ್ಲ.

ಈ ಕಾರ್ಡನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿಯೇ 75 ವ್ಯಾಟ್ ತನಕ ಕೊಡುತ್ತೆ. 1650ಕ್ಕೆ ಬೇಕಾಗಿರೋದೂ ಅಷ್ಟೇ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡ್‌ಗಳಿಗೆ ಪವರ್ ಸಪ್ಲೈನಿಂದ ಪ್ರತ್ಯೇಕ ಆರು ಪಿನ್ನಿನ ಅಥವಾ ಎಂಟು ಪಿನ್ನಿನ ತಂತಿ ಬೇಕು, ಹಳೇ ಡಬ್ಬಿಗಳಲ್ಲಿ ಅದು ಇರೋದೇ ಇಲ್ಲ. 1650ರಲ್ಲೂ ಕೆಲವು ಮಾದರಿಗಳಿಗೆ ಆರು ಪಿನ್ ಇರುತ್ತೆ, ಕೊಳ್ಳುವಾಗ ಕಾರ್ಡಿನ ಅಂಚು ತಿರುಗಿಸಿ ನೋಡಿ. ಇಲ್ಲದಿದ್ದರೆ ಸಾಟಾ ತಂತಿಯನ್ನ ಆರು ಪಿನ್‌ಗೆ ಬದಲಿಸೋ ನೂರು ರೂಪಾಯಿ ಕೇಬಲ್ ಕೈಗೆ ಇಡ್ತಾರೆ. ಅದನ್ನ ಮಾತ್ರ ಮುಟ್ಟಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟಿನ ಪಿನ್‌ಗಳು ಹೊರಬಲ್ಲದ್ದು ಒಟ್ಟು 54 ವ್ಯಾಟ್. ಆರು ಪಿನ್ನಿನದ್ದು 75ರ ತನಕ ಎಳೆಯಬಹುದು. ಪ್ಲಾಸ್ಟಿಕ್ ಕರಗಿ ಸುಟ್ಟ ವಾಸನೆ ಬಂದಮೇಲೆ ಗೊತ್ತಾದರೆ ಏನು ಬಂತು?

ಕತ್ತಲೆ ಸ್ಕ್ರೀನ್

ಶುಕ್ರವಾರ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದು, ಸಂಜೆ ಡಬ್ಬಿ ಬಿಚ್ಚಿದೆ. ಒಳಗೆ ಹನ್ನೊಂದು ವರ್ಷದ ರಾಶಿ ಧೂಳು. ಬ್ರಷ್‌ನಲ್ಲಿ ಅರ್ಧ ಗಂಟೆ ಉಜ್ಜಿದ ಮೇಲೇ ಸ್ಲಾಟ್ ಕಾಣಿಸಿದ್ದು. ಕ್ಯಾಬಿನೆಟ್ ಎತ್ತಿಡುವಾಗ ತಂಗಿ ಅಂದಳು: "ಅಣ್ಣಾ, ಚಾಲೂ ಇದ್ದಾಗ ಇದರ ಕಬ್ಬಿಣ ಮುಟ್ಟಿದ್ರ ಕೈ ಜುಮ್ ಅಂತದ." ಹೂಂ ಅಂದೆ. ಅಷ್ಟೇ. ಆ ಮಾತಿಗೆ ಆಗಲೇ ಕಿವಿಗೊಟ್ಟಿದ್ದರೆ ಚೆನ್ನಾಗಿತ್ತು.

ಕಾರ್ಡ್ ಕೂತಿತು, ಫ್ಯಾನ್ ತಿರುಗಿತು. ಮಾನಿಟರ್ ಜೋಡಿಸೋಣ ಅಂದರೆ ಅದು ಹಳೇ ವಿಜಿಎ ಮಾನಿಟರ್, ನೀಲಿ ಮೂತಿಯ ಹದಿನೈದು ಪಿನ್ನಿನದ್ದು. ಕಾರ್ಡಿನಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಮತ್ತು ಡಿವಿಐ. ನನ್ನ ಹತ್ರ ಡಿವಿಐನಿಂದ ವಿಜಿಎಗೆ ಬದಲಿಸೋ ಪುಟ್ಟ ಬಿಳಿ ಅಡಾಪ್ಟರ್ ಇತ್ತು, ಅದನ್ನೇ ನಂಬಿ ಬಂದಿದ್ದೆ. ಒಳಗೆ ಹೋಗಲೇ ಇಲ್ಲ. ನೋಡಿದರೆ ಅಡಾಪ್ಟರಿನ ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಸಣ್ಣ ಪಿನ್‌ಗಳಿವೆ, ಕಾರ್ಡಿನ ಪೋರ್ಟಿನಲ್ಲಿ ಆ ನಾಲ್ಕು ತೂತುಗಳೇ ಇಲ್ಲ. ಆ ನಾಲ್ಕೇ ಅನಲಾಗ್ ಸಿಗ್ನಲ್ ಹೊರುವಂಥವು. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಯಿಂದಲೇ ಎನ್‌ವಿಡಿಯಾ ಅನಲಾಗ್ ಔಟ್‌ಪುಟ್ ಕೈಬಿಟ್ಟಿದೆ. ಪಿನ್ ಮುರಿದು ತುರುಕಿದರೂ ಚಿತ್ರ ಬರಂಗಿಲ್ಲ. (ಒಂದು ಕ್ಷಣ ಕಟಿಂಗ್ ಪ್ಲೇಯರ್ ಕಡೆ ನೋಡಿದ್ದು ನಿಜ.)

ಸರಿ, ತಾತ್ಕಾಲಿಕವಾಗಿ ಮಾನಿಟರನ್ನ ಮದರ್‌ಬೋರ್ಡಿನ ಹಳೇ ಪೋರ್ಟಿಗೇ ಸಿಕ್ಕಿಸಿದೆ. ಪೂರ್ತಿ ಕತ್ತಲೆ. ಎದೆ ಧಸಕ್ ಅಂತು. ಬೋರ್ಡೇ ಹೋಯ್ತಾ? ಹಿಂದೆ ನಿಂತಿದ್ದ ತಂಗಿ ಏನೂ ಕೇಳಲಿಲ್ಲ, ಆ ಮೌನ ಇನ್ನೂ ಕಷ್ಟ. ಕಾರ್ಡ್ ಕಿತ್ತು ಮತ್ತೆ ಆನ್ ಮಾಡಿದೆ, ಚಿತ್ರ ಬಂತು. ಆಗ ಹೊಳೀತು: ಬಹಳಷ್ಟು ಬೋರ್ಡುಗಳು ಸ್ಲಾಟಿನಲ್ಲಿ ಕಾರ್ಡ್ ಕಂಡ ಕೂಡಲೇ ತಮ್ಮ ಪೋರ್ಟನ್ನ ತಾವೇ ಮುಚ್ಚಿಬಿಡ್ತವೆ. ಬಯೋಸ್‌ನಲ್ಲಿ ಮಲ್ಟಿ ಮಾನಿಟರ್ ಅನ್ನೋ ಆಯ್ಕೆ ಆನ್ ಮಾಡಿದರೆ ಎರಡೂ ಬದುಕಿರ್ತವೆ. ಹೊಸ ಕಾರ್ಡ್ ಹಾಕುವ ಮೊದಲೇ ಅದನ್ನ ಮಾಡಿಟ್ಟುಕೊಳ್ಳಿ. ಚಿತ್ರ ಬರದಿದ್ದಾಗ ತಪ್ಪು ಕಾರ್ಡಿನದಾ, ಕೇಬಲ್ಲಿನದಾ, ಬೋರ್ಡಿನದಾ ಅಂತ ತಿಳಿಯಲು ಒಂದು ಕಿಟಕಿ ಉಳಿದಿರುತ್ತೆ.

ಶನಿವಾರ ಬೆಳಗ್ಗೆ ಅಫಜಲಪುರದ ಮೊಬೈಲ್ ಅಂಗಡಿಯಲ್ಲಿ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸೋ ಕನ್ವರ್ಟರ್ ಸಿಕ್ಕಿತು, 350 ರೂಪಾಯಿ. ಒಳಗೊಂದು ಚಿಪ್ ಕೂತು ಡಿಜಿಟಲ್ಲನ್ನ ಅನಲಾಗ್ ಮಾಡೋ ಸಾಧನ ಇದು, ಬರೀ ತಂತಿಯಲ್ಲ. ಚಿತ್ರ ಬಂತು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡ್ರೈವರ್ ಇಳಿಸೋಕೆ ಮಧ್ಯಾಹ್ನವೆಲ್ಲ ಹೋಯ್ತು. ಬೆಂಗಳೂರಿನಿಂದಲೇ ಪೆನ್‌ಡ್ರೈವ್‌ನಲ್ಲಿ ತಂದಿದ್ದರೆ ಅದೂ ಉಳೀತಿತ್ತು. ಜೊತೆಗೆ ತಂದಿದ್ದ ಇನ್ನೊಂದು ಎಂಟು ಜಿಬಿ ರ್‍ಯಾಮ್ ಹಾಕಿದೆ. ಎಚ್81 ಬೋರ್ಡಿಗೆ ಹದಿನಾರೇ ಕೊನೆ.

ರಿಸಾಲ್ವ್ ತೆರೀತು. ತಂಗಿ ಟೈಮ್‌ಲೈನ್ ಎಳೆದಳು, ಅರಿಶಿನ ಶಾಸ್ತ್ರದ ದೃಶ್ಯ ತಡವರಿಸದೆ ಓಡಿತು. ಅವಳ ಮುಖ ನೋಡಿ ಅವ್ವ ಒಳಗಿಂದ ಚಹಾ ತಂದಳು.

ನಾಲ್ಕು ನಿಮಿಷದ ಆಯಸ್ಸು

ಎಕ್ಸ್‌ಪೋರ್ಟ್ ಬಟನ್ ಒತ್ತಿ ನಾಲ್ಕು ನಿಮಿಷ ಆಗಿತ್ತು. ಟಪ್. ಕಂಪ್ಯೂಟರ್ ಆಫ್. ಮತ್ತೆ ಆನ್ ಮಾಡಿ ಒತ್ತಿದರೆ ಮೂರೂವರೆ ನಿಮಿಷಕ್ಕೆ ಟಪ್. ನೀಲಿ ಸ್ಕ್ರೀನ್ ಇಲ್ಲ, ಎಚ್ಚರಿಕೆ ಇಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್ ನೋಡಿದರೆ "ಕರ್ನಲ್ ಪವರ್ 41" ಅಂತ ಕೆಂಪು ಗುರುತು. ಇಂಟರ್ನೆಟ್ ತುಂಬ ಈ 41ಕ್ಕೆ ನೂರು ಔಷಧಿ ಹೇಳೋರಿದ್ದಾರೆ. ಅದರ ಅರ್ಥ ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು. ಯಾಕೆ ಅಂತ ಅದಕ್ಕೂ ಗೊತ್ತಿಲ್ಲ.

ಮೊದಲು ಬಿಸಿಯ ಮೇಲೆ ಅನುಮಾನ ಬಂತು. ಎಚ್‌ಡಬ್ಲ್ಯೂಇನ್ಫೊ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಉಷ್ಣತೆ ನೋಡಿದೆ. ಕಾರ್ಡ್ 66 ಡಿಗ್ರಿ, ಆರಾಮಾಗಿತ್ತು. ಪ್ರೊಸೆಸರ್ 97! ಫ್ಯಾನ್ ಎತ್ತಿದರೆ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆ ಆಗಿತ್ತು. ಒರೆಸಿ, ಹೊಸ ಪೇಸ್ಟ್ ಹಚ್ಚಿದ ಮೇಲೆ 71ಕ್ಕೆ ಇಳೀತು. ಗೆದ್ದೆ ಅಂದುಕೊಂಡು ಎಕ್ಸ್‌ಪೋರ್ಟ್ ಒತ್ತಿದೆ. ಆರು ನಿಮಿಷ. ಟಪ್.

ಇಲ್ಲಿ ಒಂದು ಮಾತು. ದೋಷ ಒಂದೇ ಇರಬೇಕು ಅಂತ ನಾವು ಹಟ ಹಿಡೀತೀವಿ. ಹಳೇ ಕಂಪ್ಯೂಟರ್‌ನಲ್ಲಿ ಮೂರು ದೋಷ ಒಟ್ಟಿಗೇ ಮನೆ ಮಾಡಿಕೊಂಡಿರ್ತವೆ, ಹೊಸ ಕಾರ್ಡ್ ಬಂದು ಅವುಗಳ ಮೈಮೇಲಿನ ಚಾದರ ಎಳೀತದೆ ಅಷ್ಟೆ.

ಕೊನೆಗೆ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನ ಲೇಬಲ್ ಓದಿದೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಅದರ ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿಗೆ 16 ಆಂಪಿಯರ್. ಗುಣಿಸಿ ನೋಡಿ: 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣೋದು ಈ 12 ವೋಲ್ಟಿನ ತಟ್ಟೆಯಿಂದಲೇ. ಪ್ರೊಸೆಸರ್ 84, ಕಾರ್ಡ್ 75, ಅಲ್ಲಿಗೆ 159. ಡಿಸ್ಕು, ಫ್ಯಾನು, ಬೋರ್ಡಿನದ್ದು ಸೇರಿಸಿದರೆ ಅಂಚಿಗೆ ಬಂತು, ಅದೂ ಹನ್ನೊಂದು ವರ್ಷ ದುಡಿದ ಡಬ್ಬಿ. ಉಳಿದ ವ್ಯಾಟುಗಳು ಲೇಬಲ್ಲಿನ ಶೋಭೆಗೆ.

ಓಣಿಯ ಎಲೆಕ್ಟ್ರಿಷಿಯನ್ ಕಾಕಾನ್ನ ಕರೆದು ತಂದೆ, ಅವರ ಮಲ್ಟಿಮೀಟರ್‌ಗಾಗಿ. ಖಾಲಿ ಇದ್ದ ದೊಡ್ಡ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕರಿ ತಂತಿಗಳ ನಡುವೆ ಡಿಸಿ ವೋಲ್ಟೇಜ್ ನೋಡಿದೆವು. ಸುಮ್ಮನಿದ್ದಾಗ 11.8. ಎಕ್ಸ್‌ಪೋರ್ಟ್ ಶುರುವಾದ ಮೇಲೆ 11.5, 11.3, 11.1, ಟಪ್. ಈ ತಂತಿಯಲ್ಲಿ ಐದು ಪ್ರತಿಶತ ಏರಿಳಿತ ಸಹ್ಯ, ಅಂದರೆ 11.4ಕ್ಕಿಂತ ಕೆಳಗೆ ಇಳೀಬಾರದು. ಕಳ್ಳ ಸಿಕ್ಕಿದ್ದ. (ಎಸ್‌ಎಂಪಿಎಸ್ ಡಬ್ಬಿಯನ್ನ ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಕೂತಿರುತ್ತೆ.)

ಶನಿವಾರ ರಾತ್ರಿ

ಆದರೆ ಶನಿವಾರ ರಾತ್ರಿ ಎಂಟಕ್ಕೆ ಹೊಸ ಎಸ್‌ಎಂಪಿಎಸ್ ಎಲ್ಲಿಂದ ತರೋದು? ಭಾನುವಾರ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿ ತೆರೆದಿರ್ತಾವೋ ಇಲ್ಲವೋ. ತಂಗಿ ಮೊದಲ ಸಲ ಬಾಯಿಬಿಟ್ಟಳು: "ಅದರ ಹೊಟ್ಟಿ ಸಣ್ಣ ಅದಲ್ಲ, ಕಾರ್ಡಿಗೆ ಕಡಿಮಿ ಉಣ್ಣು ಅಂತ ಹೇಳ್ಲಿಕ್ಕೆ ಬರಂಗಿಲ್ಲೇನು?"

ಬರುತ್ತೆ! ಇಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಅಂತ ಒಂದು ಗೆರೆ ಇದೆ. ಬೇರೆ ಕಂಪನಿಯ ಕಾರ್ಡಿಗೂ ನಡೆಯುತ್ತೆ. ನೂರರಿಂದ ಎಪ್ಪತ್ತಕ್ಕೆ ಎಳೆದೆ. ಕಾರ್ಡ್ 75ರ ಬದಲು ಸುಮಾರು 52 ವ್ಯಾಟಿಗೆ ನಿಂತಿತು. ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನೂ ಎಂಬತ್ತಕ್ಕೆ ಇಳಿಸಿದೆ. ವೇಗ ಕಡಿಮೆಯಾಯ್ತು, ಆಗಲಿ ಬಿಡಿ.

ಮೀಟರ್ 11.5ರಲ್ಲಿ ನಿಂತಿತು. ಹತ್ತು ನಿಮಿಷ. ಇಪ್ಪತ್ತು. ತಂಗಿ ಕುರ್ಚಿಯಲ್ಲೇ ನಿದ್ದೆ ಹೋದಳು. ಅಪ್ಪ ಎರಡು ಸಲ ಎದ್ದು ಬಂದು, "ಇನ್ನೂ ಎಷ್ಟ್ ಅದ?" ಅಂತ ಕೇಳಿ ಹೋದರು. ಬೆಳಗಿನ ಜಾವ ಮೂರೂ ಇಪ್ಪತ್ತಕ್ಕೆ ನೂರು ಪ್ರತಿಶತ. ಸೋಮವಾರ ಮೊದಲ ಬಸ್ಸಿಗೆ ತಂಗಿಯೇ ಹಾರ್ಡ್‌ಡಿಸ್ಕ್ ಹಿಡಿದು ಅಫಜಲಪುರಕ್ಕೆ ಹೋದಳು. ಬರುವಾಗ ಎರಡು ಮದುವೆಗಳ ಫೂಟೇಜ್ ತಂದಳು.

ಮಂಗಳವಾರ ಕಲಬುರಗಿಯಿಂದ 450 ವ್ಯಾಟಿನದ್ದೇ ಹೊಸ ಎಸ್‌ಎಂಪಿಎಸ್ ತಂದೆ, 2,600 ರೂಪಾಯಿ. ಈ ಸಲ ದೊಡ್ಡ ಅಕ್ಷರ ಓದಲಿಲ್ಲ, 12 ವೋಲ್ಟಿನ ಸಾಲು ಓದಿದೆ: 36 ಆಂಪಿಯರ್. ಪೇಸ್ಟ್‌ಗೆ 150, ರ್‍ಯಾಮ್‌ಗೆ 900. ಒಟ್ಟು 10,800. ಈ ದುಡ್ಡಿಗೆ ಎಡಿಟಿಂಗ್ ಮಾಡಬಲ್ಲ ಲ್ಯಾಪ್‌ಟಾಪ್ ಬರೋಲ್ಲ, ಹಾಗಾಗಿ ನನಗೆ ಪಶ್ಚಾತ್ತಾಪ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಇಲ್ಲ. ಆ ತಲೆನೋವು ಯುಗಾದಿಗೆ ಇಟ್ಟಿದ್ದೀನಿ. ಸದ್ಯಕ್ಕೆ ಬ್ಯಾಂಕಿನ ವ್ಯವಹಾರ ಆ ಕಂಪ್ಯೂಟರ್‌ನಲ್ಲಿ ಬೇಡ ಅಂದಿದ್ದೀನಿ.

ಇನ್ನು ಆ "ಜುಮ್". ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೂ ಹೋಗಲಿಲ್ಲ. ಕಾಕಾ ಕ್ಯಾಬಿನೆಟ್ಟಿಗೆ ಟೆಸ್ಟರ್ ಇಟ್ಟರೆ ದೀಪ ಹತ್ತಿತು. ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತು ಇವೆ, ಮೇಲಿನ ದೊಡ್ಡ ತೂತಿಗೆ ಒಳಗೆ ತಂತಿಯೇ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಸೋರಿಕೆಯನ್ನ ಅರ್ಥಿಂಗ್ ಕಡೆ ಬಿಡ್ತವೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟೇ ಮೇನ್ಸ್‌ನ ಅರ್ಧದಷ್ಟು, ನೂರು ಚಿಲ್ಲರೆ ವೋಲ್ಟಿನಲ್ಲಿ ತೇಲ್ತಾ ಇರುತ್ತೆ. ಕರೆಂಟ್ ಬಹಳ ಸಣ್ಣದು, ಸಾಮಾನ್ಯವಾಗಿ ಜುಮ್ ಅನ್ನಿಸಿ ಬಿಡುತ್ತೆ. ಆದರೆ ಒಳಗೆ ನಿಜವಾದ ಶಾರ್ಟ್ ಆದ ದಿನ ಅದೇ ಕಬ್ಬಿಣ ಪೂರ್ತಿ 230 ವೋಲ್ಟ್ ಹಿಡಿದು ನಿಲ್ಲುತ್ತೆ. ಇಷ್ಟು ವರ್ಷ ಅಪ್ಪ ಇದಕ್ಕೆ ಮಾಡಿದ್ದ ಪರಿಹಾರ, ಕಾಲಡಿ ಒಂದು ಪ್ಲೈವುಡ್ ತುಂಡು. "ಚಪ್ಪಲ್ ಹಾಕ್ಕೊಂಡು ಕೂಡು ಅಂತ ಹೇಳೀನಲ್ಲ" ಅಂದರು. ನಾನು ಓದಿದ ನಾಲ್ಕು ವರ್ಷವೂ ಅದೇ ಪ್ಲೈವುಡ್ ಮೇಲೆ ಕಾಲಿಟ್ಟು ಕೂತಿದ್ದೆ.

ಹೊರಡೋ ಹಿಂದಿನ ದಿನ ಕಾಕಾ ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಸಾಕೆಟ್ಟಿನ ತನಕ ಹಸಿರು ತಂತಿ ಎಳೆದರು. ನಮ್ಮದು ಎರೆಮಣ್ಣು, ಹಸಿ ಇದ್ದಾಗ ಚೆನ್ನಾಗಿ ಹಿಡಿಯುತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಂಪರ್ಕ ತಪ್ಪುತ್ತೆ. ಆವಾಗಾವಾಗ ನೀರು ಹಾಕ್ರಿ ಅಂದರು. ಟೆಸ್ಟರ್ ದೀಪ ಆರಿತು.

ಮೊನ್ನೆ ತಂಗಿ ವಿಡಿಯೊ ಕಾಲ್ ಮಾಡಿದಾಗ ಹಿಂದೆ ಹಿತ್ತಲು ಕಾಣ್ತಿತ್ತು. ಅಪ್ಪ ತುಳಸಿಗೆ ನೀರು ಹಾಕಿ, ತಂಬಿಗೆಯಲ್ಲಿ ಉಳಿದದ್ದನ್ನ ಆ ಪೈಪಿನ ಬಾಯಿಗೆ ಸುರೀತಿದ್ದರು.