ಕೂಲಿ ಕಡಿತ, ಗ್ರಂಥಾಲಯ ದಾನ

ಗೋವನ್ನು ಕೊಂದು ಚಪ್ಪಲಿ ದಾನ ಮಾಡಿದಂತೆ ಎಂಬ ಗಾದೆ ನಮ್ಮಲ್ಲಿದೆ. ಸಿರಿವಂತರ ದಾನಗಳನ್ನೆಲ್ಲ ಹೀಗೆಂದು ತಳ್ಳಿಹಾಕಬಹುದೇ? ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಕಥೆ ಅಷ್ಟು ಸರಳವಲ್ಲ.

ಸ್ಕಾಟ್ಲೆಂಡಿನ ನೇಕಾರನ ಮಗನಾದ ಈತ, ಹಣವನ್ನು ಹಂಚದೆ ಸಾಯುವುದು ಸಿರಿವಂತನಿಗೆ ಅವಮಾನವೆಂದು 1889ರಲ್ಲಿ ಬರೆದ. 1892ರಲ್ಲಿ ಆತನದೇ ಹೋಂಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ಕಾರ್ಮಿಕರು ಸಿಡಿದೆದ್ದರು. ಕಂಪನಿ ಕರೆಸಿದ ಬಾಡಿಗೆ ಕಾವಲುಗಾರರೊಡನೆ ನಡೆದ ಕಾಳಗದಲ್ಲಿ ಎರಡೂ ಕಡೆ ಜನ ಸತ್ತರು. ಕಾರ್ಮಿಕ ಸಂಘ ಮುರಿದುಬಿತ್ತು. 1898ರಲ್ಲಿ ಅಲ್ಲಿಯೇ ಕಾರ್ನೆಗಿಯ ಗ್ರಂಥಾಲಯ ತೆರೆಯಿತು. ದಿನಕ್ಕೆ 12 ಗಂಟೆ ದುಡಿಯುವವನಿಗೆ ಓದಲು ಬಿಡುವೆಲ್ಲಿ?

ಆದರೂ ಆತನ ಹಣದಿಂದ ಹಲವು ದೇಶಗಳಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಬಹುಪಾಲು ಊರುಗಳಿಗೆ ಒಂದು ಷರತ್ತಿತ್ತು: ಕಟ್ಟಡ ದಾನಿಯದು; ನಿವೇಶನ ಮತ್ತು ವರ್ಷವರ್ಷದ ಖರ್ಚು ಊರಿನದು. ಹೀಗಾಗಿ ಅವು ಊರಿನ ಸ್ವತ್ತಾದವು. 1919ರಲ್ಲಿ ದಾನಿ ತೀರಿಕೊಂಡ ಮೇಲೂ ಬಾಳಿದವು.

ಇಂಥ ದಾನದ ಗುಣ ಇದು. ದೋಷವೆಂದರೆ, ಜನರಿಗೆ ಏನು ಬೇಕೆಂಬುದನ್ನು ದಾನಿಯೇ ತೀರ್ಮಾನಿಸುತ್ತಾನೆ. ಹೋಂಸ್ಟೆಡ್ಡಿನವರು ಕೇಳಿದ್ದು ಕೂಲಿ, ಸಿಕ್ಕಿದ್ದು ಪುಸ್ತಕ. ಆ ಗ್ರಂಥಾಲಯ ಇಂದಿಗೂ ನಡೆಯುತ್ತಿದೆ. ಆದರೆ ಕೂಲಿಯ ಬಾಕಿ ಅದರಿಂದ ತೀರಲಿಲ್ಲ.