ಬಾಡಿಗೆ ಮನೆ ಬದಲಾದರೆ ಶಾಲೆಯೂ ಬದಲಾಗಬೇಕೆ?

ಬೇಸಿಗೆಯ ರಜೆ ಬಂತೆಂದರೆ ಸೊಲ್ಲಾಪುರದ ಓಣಿಗಳಲ್ಲಿ ಹಾಸಿಗೆಯ ಸುರುಳಿ, ಪಾತ್ರೆಯ ಚೀಲ, ಮಕ್ಕಳ ಸೈಕಲ್ಲುಗಳನ್ನು ಹೇರಿಕೊಂಡ ಟೆಂಪೋಗಳು ಕಾಣಸಿಗುತ್ತವೆ. ಹನ್ನೊಂದು ತಿಂಗಳ ಕರಾರು ಮುಗಿದ ಕುಟುಂಬಗಳು ಮನೆ ಬದಲಿಸುವ ಕಾಲವದು. ಬಾಡಿಗೆ ಏರಿದಾಗ ಪೇಟೆಯ ನಡುವಿನ ಮನೆ ಬಿಟ್ಟವರು ಊರ ಹೊರಗಿನ ದಾರಿ ಹಿಡಿಯುತ್ತಾರೆ. ಆ ದಾರಿಯ ಕೊನೆಯಲ್ಲಿ ಅಗ್ಗದ ಮನೆ ಸಿಗಬಹುದು. ಆದರೆ ಕನ್ನಡ ಶಾಲೆ ಸಿಗುವುದೆಂಬ ಭರವಸೆಯಿಲ್ಲ.

ಮರಾಠಿ ಶಾಲೆಗೆ ಹೋಗುವ ಮಗುವಿಗೆ ಹೊಸ ಬಡಾವಣೆಯಲ್ಲಿಯೂ ಒಂದು ಶಾಲೆ ದೊರೆಯುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಹಾಗಿಲ್ಲ. ಎರಡು ಮೈಲಿ ದೂರ ಹೋದರೂ ಆ ಮಗುವಿನ ಕಲಿಕೆಯ ಭಾಷೆಯೇ ಬದಲಾಗುವ ಸಂಭವವುಂಟು. ಆದುದರಿಂದ ಬಾಡಿಗೆಯ ಪ್ರಶ್ನೆಯು ಗಡಿನಾಡಿನ ಕನ್ನಡ ಕುಟುಂಬಗಳಿಗೆ ಬರಿಯ ಹಣದ ಪ್ರಶ್ನೆಯಲ್ಲ.

ಗಿರಣಿಯ ಊರು, ಚಾಳದ ಬಾಳು

ಸೊಲ್ಲಾಪುರವನ್ನು ಬಾಡಿಗೆದಾರರ ಊರಾಗಿ ಬೆಳೆಸಿದವು ಬಟ್ಟೆಯ ಗಿರಣಿಗಳು. 1877ರಲ್ಲಿ ಆರಂಭವಾದ, ಜನರ ಬಾಯಲ್ಲಿ ‘ಜುನೀ ಗಿರಣಿ’ ಎನಿಸಿದ ಕಾರ್ಖಾನೆ, ಅದರ ಬೆನ್ನಿಗೆ ಬಂದ ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಸುತ್ತಣ ಹಳ್ಳಿಗಳ ಜನರನ್ನು ಕರೆತಂದವು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವವರು ಚಾಳದ ಒಂದೇ ಗೋಡೆಯ ಆಚೀಚೆ ಬದುಕಿದರು. ಕೆಲಸ, ಸಂತೆ, ಸಿದ್ಧೇಶ್ವರನ ಗುಡಿ, ಮಕ್ಕಳ ಶಾಲೆ ಎಲ್ಲವೂ ನಡೆದು ಮುಟ್ಟುವ ದೂರದಲ್ಲಿದ್ದವು.

ಕಾಲಕ್ರಮದಲ್ಲಿ ಈ ದೊಡ್ಡ ಗಿರಣಿಗಳು ಬಾಗಿಲು ಹಾಕಿದವು. ದುಡಿಮೆ ವಿದ್ಯುತ್ ಮಗ್ಗಗಳಿಗೂ ಬೀಡಿಯ ಮೊರಕ್ಕೂ ಹಂಚಿಹೋಯಿತು. ಕೂಲಿ ಕುಗ್ಗಿದರೂ ನೆಲದ ಬೆಲೆ ಕುಗ್ಗಲಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಸೇರಿತು. ರಸ್ತೆ ಅಗಲವಾದಲ್ಲಿ ಅಂಗಡಿಗೆ ಬೆಲೆ ಬರುತ್ತದೆ. ಅಂಗಡಿಗೆ ಬೆಲೆ ಬಂದಲ್ಲಿ ಹಳೆಯ ವಾಡೆಯನ್ನು ಕೆಡವಿ ಹೊಸದನ್ನು ಕಟ್ಟುವ ಆಸೆ ಹುಟ್ಟುತ್ತದೆ. ಹೊಸ ಕಟ್ಟಡಕ್ಕೆ ಹಳೆಯ ಬಾಡಿಗೆದಾರ ಮರಳುವುದು ವಿರಳ.

ಇದರ ದೊಡ್ಡ ರೂಪವನ್ನು ಮುಂಬಯಿ ಕಂಡಿದೆ. 1982ರ ಗಿರಣಿ ಮುಷ್ಕರದ ತರುವಾಯ ‘ಗಿರಣಗಾಂವ’ ಎನಿಸಿದ್ದ ಭಾಗದಲ್ಲಿ ಒಂದೊಂದೇ ಗಿರಣಿ ಮುಚ್ಚಿತು. ಲೋವರ್ ಪರಳದ ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಮಾಲ್ ನಿಂತಿದೆ.

ಅಕ್ಕಲಕೋಟದ ಬೇರೆ ಕಥೆ

ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟದಲ್ಲಿ ಕಾರಣವೇ ಬೇರೆ. 1878ರಲ್ಲಿ ಸಮಾಧಿಸ್ಥರಾದ ಶ್ರೀ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರ ಪ್ರವಾಹ ಪ್ರತಿ ಗುರುವಾರ, ಗುರುಪೂರ್ಣಿಮೆ, ದತ್ತ ಜಯಂತಿಗಳಂದು ಊರನ್ನು ತುಂಬುತ್ತದೆ. ಭಕ್ತರಿಂದ ಊರಿಗೆ ಅನ್ನವಿದೆ, ವ್ಯಾಪಾರವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ದಿನದ ಲೆಕ್ಕದಲ್ಲಿ ಯಾತ್ರಿಕರಿಗೆ ಕೊಡಬಹುದಾದ ಖೋಲಿಯನ್ನು ತಿಂಗಳ ಲೆಕ್ಕದಲ್ಲಿ ಸಂಸಾರವಂದಿಗರಿಗೆ ಕೊಡಲು ಮಾಲೀಕನ ಮನಸ್ಸು ಹಿಂಜರಿಯುವುದು ಸಹಜ. ಗುಡಿಯ ಸುತ್ತಲಿನ ಓಣಿಗಳು ಹೀಗೆ ವಸತಿಗೃಹಗಳಾದರೆ, ಹಳ್ಳಿಯಿಂದ ಮಕ್ಕಳ ಓದಿಗಾಗಿ ಬಂದ ಕುಟುಂಬಗಳು ಊರಂಚಿಗೆ ಸರಿಯಬೇಕಾಗುತ್ತದೆ.

ಕುಂಭಾರಿಯ ಪಾಠ

ಇವೆರಡು ಊರುಗಳನ್ನು ಕೂಡಿಸುವ ದಾರಿಯಲ್ಲಿಯೇ, ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ, ದೇಶವೇ ಗಮನಿಸಿದ ಒಂದು ಉತ್ತರವೂ ಇದೆ. ಕಾರ್ಮಿಕ ನಾಯಕ, ಮಾಜಿ ಶಾಸಕ ನರಸಯ್ಯ ಆಡಮ ಅವರ ಮುಂದಾಳ್ತನದ ದೀರ್ಘ ಹೋರಾಟದ ಫಲವಾಗಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದೂತಾಯಿ ಪರುಳೇಕರ ಹೆಸರಿನ ಸಹಕಾರಿ ವಸಾಹತು ಎದ್ದಿತು. ಅಲ್ಲಿಯ ಸುಮಾರು 10,000 ಮನೆಗಳನ್ನು 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗ್ ಹಸ್ತಾಂತರಿಸಿದರು. ಅದೇ ಪರಿಸರದ ರೇ ನಗರದಲ್ಲಿ ನೇಕಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಚಾಲಕರಿಗಾಗಿ 30,000 ಮನೆಗಳ ಯೋಜನೆ ರೂಪುಗೊಂಡಿತು. ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಸಮರ್ಪಿಸಿದರು.

ತಲೆಮಾರುಗಳ ಕಾಲ ಬಾಡಿಗೆ ತೆತ್ತವರು ಸ್ವಂತ ಸೂರಿನಡಿ ಬಂದದ್ದು ಸಣ್ಣ ಮಾತಲ್ಲ. ಆದರೆ ಮನೆ ಸಿಕ್ಕ ಮಾತ್ರಕ್ಕೆ ಊರು ಸಿಕ್ಕಂತಾಗುವುದಿಲ್ಲ. ಕೆಲಸ ನಗರದಲ್ಲಿ, ಮನೆ ಹೊರಗೆ ಎಂದಾಗ ಬಸ್ಸಿನ ಖರ್ಚೂ ಬಾಡಿಗೆಯ ಇನ್ನೊಂದು ರೂಪವಾಗುತ್ತದೆ. ಹೊಸ ವಸಾಹತು ಎದ್ದಾಗ ಅಲ್ಲಿ ಯಾವ ಯಾವ ಭಾಷೆಯ ಮಕ್ಕಳು ಬಂದರೆಂಬ ಎಣಿಕೆ ಮೊದಲ ದಿನದಿಂದಲೇ ನಡೆಯಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿಯ ಬೆಂಬಲ ಪಡೆಯಲು ಪಾಲಕರ ಕೈಯಲ್ಲಿ ಮಕ್ಕಳ ಹೆಸರಿನ ಪಟ್ಟಿಯಿರಬೇಕು.

ಅರವತ್ತೊಂದನೆಯ ಮಗು

ಒಂದು ಮನೆ ಖಾಲಿಯಾದರೆ ಶಾಲೆಗೇನು ನಷ್ಟವೆಂದು ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು; 61 ಮಕ್ಕಳಾದರೆ ಮೂವರು. ಆ ಅರವತ್ತೊಂದನೆಯ ಮಗುವಿನ ಮನೆಯ ಬಾಡಿಗೆ ಏರಿ ಕುಟುಂಬ ಹೊರಟುಹೋದರೆ, ಉಳಿದ ಅರವತ್ತು ಮಕ್ಕಳ ಪಾಲಿನ ಒಬ್ಬ ಗುರುವಿನ ಹುದ್ದೆಯೇ ಅಲುಗಾಡುತ್ತದೆ. ಗುರು ಕಡಿಮೆಯಾದ ಶಾಲೆಯಿಂದ ಮತ್ತಷ್ಟು ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ. ಕನ್ನಡ ಶಾಲೆ ಸೊರಗುವ ಬಗೆಗಳಲ್ಲಿ ಇದೂ ಒಂದು. ಇದಕ್ಕೆ ಭಾಷಾದ್ವೇಷ ಬೇಕಿಲ್ಲ, ಬಾಡಿಗೆ ಏರಿದರೆ ಸಾಕು.

ಪಾಲಕರ ಕೈಯಲ್ಲಿರುವುದು

ಬಾಡಿಗೆದಾರರಿಗೆ ಕಾನೂನಿನ ಆಸರೆ ಇಲ್ಲದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಣಿಯ ಹೊಣೆ ಮಾಲೀಕನದು. ನೋಂದಾಯಿತ ಕರಾರು ಇಲ್ಲದಿದ್ದಲ್ಲಿ, ಬೇರೆ ರೀತಿಯಲ್ಲಿ ಸಿದ್ಧವಾಗುವವರೆಗೆ, ಷರತ್ತುಗಳ ಕುರಿತು ಬಾಡಿಗೆದಾರನ ಹೇಳಿಕೆಯೇ ನಿಲ್ಲುತ್ತದೆ. ಕೊಟ್ಟ ಬಾಡಿಗೆಗೆ ಪಾವತಿ ಪಡೆಯುವುದು ಹಕ್ಕು. ಮನೆ ಬಿಡಿಸಲೆಂದು ನೀರು, ವಿದ್ಯುತ್ತು ಕಡಿಯುವಂತಿಲ್ಲ.

ಇನ್ನೊಂದು ಸಣ್ಣ ಜಾಣ್ಮೆ ಕ್ಯಾಲೆಂಡರಿನದು. ಜೂನ್ ಒಂದರಿಂದ ಹನ್ನೊಂದು ತಿಂಗಳ ಕರಾರು ಮಾಡಿದರೆ ಅದು ಏಪ್ರಿಲ್ ಕೊನೆಗೆ ಮುಗಿಯುತ್ತದೆ. ದೀಪಾವಳಿಗೆ ಮಾಡಿದರೆ ಶಾಲೆಯ ನಡುವರ್ಷದಲ್ಲಿ ಮುಗಿಯುತ್ತದೆ. ಇಬ್ಬರೂ ಒಪ್ಪಿದರೆ 22 ಅಥವಾ 33 ತಿಂಗಳ ಕರಾರಿಗೂ ಅಡ್ಡಿಯಿಲ್ಲ. ಮನೆ ಬಿಡಲೇಬೇಕಾದರೆ ಮೊದಲು ಹತ್ತಿರದ ಕನ್ನಡ ಶಾಲೆಯನ್ನು ವಿಚಾರಿಸಿ, ಬಳಿಕ ಮನೆ ಗೊತ್ತು ಮಾಡುವುದು ಲೇಸು. ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ, ಅನುದಾನಿತ ಶಾಲೆಗಳು ಪ್ರವೇಶ ತಡೆಯುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ಮಾಲೀಕರಲ್ಲಿಯೂ ಕನ್ನಡಿಗರಿದ್ದಾರೆ. ರಾಜ್ಯೋತ್ಸವದ ದಿನ ಶಾಲೆಗೆ ಬಂದು ಹಾರ ಹಾಕಿಸಿಕೊಳ್ಳುವುದಕ್ಕಿಂತ, ಓದುವ ಮಕ್ಕಳಿರುವ ಕುಟುಂಬಕ್ಕೆ ನಡುವರ್ಷದಲ್ಲಿ ಮನೆ ಬಿಡಿಸದಿರುವುದು ಭಾಷೆಗೆ ಮಾಡುವ ಹೆಚ್ಚಿನ ಸೇವೆ. ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಮತ್ತೆ ಬಾರಿಸುವಾಗ ಹಾಜರಿ ಪುಸ್ತಕದಲ್ಲಿ ಕಳೆದ ವರ್ಷದ ಹೆಸರುಗಳೆಲ್ಲ ಉಳಿದಿದ್ದರೆ, ಊರಿನ ಬಾಡಿಗೆ ಮನೆಗಳೂ ಕನ್ನಡವನ್ನು ಕಾಯ್ದವೆಂದೇ ಅರ್ಥ.